ಹನ್ನೊಂದು ನಿಮಿಷ

ಬಟ್ಲಹಳ್ಳಿ ದಾರಿಯ ಹುಣಸೆಮರದ ಕೆಳಗೆ
ಪಿಳ್ಳಮ್ಮನ ಟ್ರ್ಯಾಕ್ಟರು ಮೂರನೇ ಸಲ ನಿಂತಿತ್ತು.
ನೀಲಿಯೋ ತುಕ್ಕೋ ಹೇಳಲಾಗದ ಬಾನೆಟ್ಟು,
ಕುರುಡು ಹೆಡ್‌ಲೈಟಿನ ಗುಳಿಯಲ್ಲಿ ಗುಬ್ಬಿ ತಂದಿಟ್ಟ ನಾರು.

ಜನ ಮರದ ಕಡೆ ನೋಡಿದರು.
ನಿಂಬೆಹಣ್ಣು ಕೊಯ್ದು ಚಕ್ರದಡಿ ಇಟ್ಟರು.
ಜಾಗ ಸರಿಯಿಲ್ಲ ಅಂದರು.
ಪಿಳ್ಳಮ್ಮ ಸೆರಗಿನ ಗಂಟು ಬಿಚ್ಚಿ
ಪಟ್ಟಿಯಿಲ್ಲದ ಗಂಡಸರ ವಾಚು ತೆಗೆದು
"ಜಾಗ ಅಲ್ಲ, ಹೊತ್ತು" ಅಂದಳು.
"ಟೊಮೇಟೊ ಹೊಲ ಉತ್ತರೂ ಹನ್ನೊಂದು ನಿಮಿಷ,
ರೋಡಿಗಿಳಿದರೂ ಹನ್ನೊಂದು.
ಸುಮ್ಮನೆ ನಿಲ್ಲಿಸಿ ಬಿಟ್ಟರೆ ಮಾತ್ರ ಅರ್ಧ ಗಂಟೆ ಬದುಕ್ತದೆ."

ಹೇಳಿದ್ದು ನಮ್ಮ ಜಬೀವುಲ್ಲಾ ಮೇಸ್ತ್ರಿಗೆ.
ನಾನು ಸ್ಪ್ಯಾನರ್ ಎತ್ತಿಕೊಡುವ ಹುಡುಗ.
ಹದಿನಾರು ಯಾವುದು ಹದಿನೇಳು ಯಾವುದು
ಕತ್ತಲಲ್ಲೂ ಬೆರಳಿಗೆ ತಿಳಿಯುತ್ತಿತ್ತು,
ಅದರಾಚೆ ಏನೂ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ನಾವು ಮಾಡದೆ ಬಿಟ್ಟದ್ದೇನು?
ನಾಜಲ್ ಬಿಚ್ಚಿ ಚಿಂತಾಮಣಿಗೆ ಕಳಿಸಿದ್ದೆವು,
ಫಿಲ್ಟರು ಎರಡೂ ಹೊಸವು,
ಪಂಪು ನಾಲ್ಕು ದಿನ ಬೇರೆಯವರ ಟೇಬಲ್ಲಿನ ಮೇಲೆ ಮಲಗಿ ಬಂದಿತ್ತು.
ಏರ್ ತೆಗೆದದ್ದಕ್ಕೆ ಲೆಕ್ಕವೇ ಇಲ್ಲ:
ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ,
ನೊರೆನೊರೆ ಡೀಸೆಲ್ಲು ತಿಳಿಯಾಗುವ ತನಕ.
ಪ್ರತಿ ಸಲವೂ ಡುಗುಡುಗು ಹಿಡಿದು,
ಕರಿ ಹೊಗೆ ಉಗಿದು, ನಮ್ಮನ್ನು ನಂಬಿಸಿ,
ಆಮೇಲೆ ದನಿ ಸಣ್ಣಗಾಗಿ
ಎಣ್ಣೆ ತೀರಿದ ಬುಡ್ಡಿಯ ಹಾಗೆ...

ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ಎಂಜಿನ್ನಿನ ಮೈಯೆಲ್ಲ ಕೇಳಿದ್ದವ.
ಈಗ ಅದನ್ನು ಕೆಳಗಿಟ್ಟು ಕೇಳಿದ:
"ನಿಂತ ಮೇಲೆ ಮತ್ತೆ ಏಳೋಕೆ ಎಷ್ಟೊತ್ತು?"
"ಒಂದು ಎಲೆಅಡಿಕೆ ಜಗಿಯೋ ಹೊತ್ತು."
"ಹಂಗಾದ್ರೆ ಎಂಜಿನ್ನಿಂದು ತಪ್ಪಿಲ್ಲ ತಾಯಿ.
ಉಣ್ಣೋ ಹೊತ್ತಿಗೆ ಯಾರೋ ಅದರ ಬಾಯಿ ಮುಚ್ತಾವ್ರೆ."

ಟ್ಯಾಂಕಿನ ಕೆಳಗಿನ ಪೈಪು ಬಿಚ್ಚಿ ಡಬ್ಬಕ್ಕೆ ಬಿಟ್ಟ.
ಮೊದಲು ಕಿರುಬೆರಳ ದಪ್ಪ,
ಆಮೇಲೆ ನೂಲು,
ಆಮೇಲೆ ಹನಿ. ಹನಿಯೂ ಯೋಚಿಸಿ ಯೋಚಿಸಿ.
ಪೈಪಿಗೆ ಬಾಯಿಟ್ಟು ಊದಿದ. ಟ್ಯಾಂಕು ಗುಳಕ್ ಅಂದು ತೇಗಿತು.
ಉಗಿದು, ಗಡ್ಡ ಒರೆಸಿಕೊಂಡು, ಕೈ ಬಿಟ್ಟ:
ಮತ್ತೆ ಕಿರುಬೆರಳ ದಪ್ಪ.
ಯಾರೂ ಉಸಿರೆತ್ತಲಿಲ್ಲ.
ಮತ್ತೆ ನೂಲು.

ಸೈಕಲ್ಲಿನ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿದೆ, ನಾನೇ.
ಟ್ಯಾಂಕಿನ ಬಾಯಿಗೆ ಇಳಿಸಿ ತಡಕಿದೆ, ನಾನೇ.
ಸಿಕ್ಕಿದ್ದು ಮೇಲೆ ಬಂತು, ಅಂಗೈಯಗಲ ಬಟ್ಟೆ,
ಡೀಸೆಲ್ಲು ಕುಡಿದು ಕಪ್ಪಾಗಿ,
ಅಂಚಿನಲ್ಲಿ ಕೆಂಪು ಚೌಕಳಿ ಇನ್ನೂ ಉಳಿದಿತ್ತು,
ಅವ್ವ ಹಾಕಿದ ಓರೆ ಹೊಲಿಗೆಯೂ.

ಕಾರ್ತೀಕದಲ್ಲಿ ಕ್ಯಾನಿನ ತುಕ್ಕು ಒಳಗೆ ಹೋಗಬಾರದೆಂದು
ಲಾಳಿಕೆಗೆ ಬಟ್ಟೆಯಿಟ್ಟು ಸೋಸಿ ತುಂಬಿದ್ದೆ.
ಲಾಳಿಕೆ ಎತ್ತಿಟ್ಟಿದ್ದು ನೆನಪಿದೆ.
ಬಟ್ಟೆ ಎತ್ತಿದ್ದು ನೆನಪಿಲ್ಲ.

ಮೇಸ್ತ್ರಿ ಬಟ್ಟೆ ನೋಡಿದ.
ನನ್ನ ಹೆಗಲಿನ ಟವಲು ನೋಡಿದ, ಮೂಲೆಯಿಲ್ಲದ್ದು.
"ಏನದು?" ಅಂದಳು ಪಿಳ್ಳಮ್ಮ.
"ಕಸ" ಅಂದ,
ಹಿಂಡಿ, ಮಡಚಿ, ಜೇಬಿಗಿಟ್ಟುಕೊಂಡ.

ಅವಳು ಗೇರು ಹಾಕಿದಳು. ನಾನು ಮಡ್‌ಗಾರ್ಡಿನ ಮೇಲೆ ಕೂತೆ.
ಊರು ದಾಟಿ, ಹಿಪ್ಪುನೇರಳೆ ತೋಟ ದಾಟಿ,
ಒಣಗಿದ ಕೆರೆಯ ಏರಿ ಹತ್ತಿ ಇಳಿದು ತಿರುಗಿ ಬಂದೆವು.
ಹನ್ನೊಂದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ,
ವಾಚು ಗಂಟಿನಿಂದ ಹೊರಗೆ ಬರಲೇ ಇಲ್ಲ.
ಇಳಿಸುವಾಗ ಅಂದಳು:
"ಟವಲು ಹೊಸದು ತಗೋ ಮಗಾ, ಚಳಿ ಬರ್ತದೆ."

ನಾಜಲ್ಲು, ಪಂಪು, ಫಿಲ್ಟರು,
ಯಾವುದಕ್ಕೂ ಮೇಸ್ತ್ರಿ ಅವಳ ಹತ್ತಿರ ಕಾಸು ತೆಗೆದುಕೊಳ್ಳಲಿಲ್ಲ.
ಏಳು ಶನಿವಾರ ನನಗೆ ಕೂಲಿ ಕೊಡಲಿಲ್ಲ.
ನಾನು ಕೇಳಲಿಲ್ಲ.
ಎಂಟನೇ ಶನಿವಾರ ಕೂಲಿಯ ಜೊತೆಗೆ
ಜಾಲರಿ ಬೆಸೆದ ಲಾಳಿಕೆಯೊಂದನ್ನು ಮುಂದೆ ತಳ್ಳಿದ.

ಆ ಹುಣಸೆಮರಕ್ಕೆ ಜನ ಈಗಲೂ
ನಿಂಬೆಹಣ್ಣು ಇಟ್ಟು ಹೋಗುತ್ತಾರೆ.
ನಾನು ಬೇಡ ಅಂದಿಲ್ಲ.